ತಾಮ್ರದ ಚೆಂಡಿಗೆ ಜೇನುಮೇಣ

ಆ ವರ್ಷ ಹೂಮಳೆ ಕೈಕೊಟ್ಟಿತ್ತು. ಕಾಫಿ ಗಿಡಗಳು ಮೊಗ್ಗು ಹಿಡಿದುಕೊಂಡು ಮುಗಿಲು ನೋಡುತ್ತಿದ್ದವು. ಪೊನ್ನಂಪೇಟೆಯಿಂದ ಹುದಿಕೇರಿಗೆ ಹೋಗುವ ದಾರಿಯ ಪಕ್ಕದಲ್ಲಿ ಚಲುವಮ್ಮನ ಮನೆ. ಹಿಂದಿನ ಗುಡ್ಡದಲ್ಲಿ ಒಂದು ಒರತೆ. ಅದರ ನೀರು ಪೈಪಿನಲ್ಲಿ ಇಳಿದು ಗಾರೆ ತೊಟ್ಟಿಗೆ ಬೀಳುತ್ತಿತ್ತು. ಅಲ್ಲಿಂದ ಅಡಿಗೆಮನೆಗೂ ಬಚ್ಚಲಿಗೂ ಕಕ್ಕಸಿಗೂ ಹೋಗುತ್ತಿತ್ತು. ಬೇಸಿಗೆಯಲ್ಲಿ ಒರತೆ ಎಷ್ಟೇ ಸಣ್ಣದಾದರೂ ರಾತ್ರಿಯೆಲ್ಲ ಬಿದ್ದ ನೀರಿಗೆ ಬೆಳಗಾಗುವಾಗ ತೊಟ್ಟಿ ತುಂಬಿರುತ್ತಿತ್ತು. ಈ ಸಲ ಮಾತ್ರ ಬೆಳಗ್ಗೆ ನೋಡಿದರೆ ತೊಟ್ಟಿಯ ತಳ ಕಾಣುತ್ತಿತ್ತು.

ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು ಗುಟ್ಟೇನೂ ಆಗಿರಲಿಲ್ಲ. ಕಕ್ಕಸಿನ ಗೋಡೆಯ ಮೇಲೆ ಒಂದು ಕಬ್ಬಿಣದ ನೀರಿನ ಪೆಟ್ಟಿಗೆ ಇತ್ತು. ಸರಪಳಿ ಎಳೆದರೆ ನೀರು ಧುಮುಕಿ ಎಲ್ಲವನ್ನೂ ತೊಳೆದುಕೊಂಡು ಹೋಗಬೇಕು. ಈಗ ಸರಪಳಿ ಮುಟ್ಟದಿದ್ದರೂ ನೀರು ಸೊರ್ ಎಂದು ಹರಿಯುತ್ತಲೇ ಇತ್ತು. ಆದರೂ ಯಾರೂ ಪೆಟ್ಟಿಗೆಯ ಮುಚ್ಚಳ ತೆಗೆದಿರಲಿಲ್ಲ. ಕಕ್ಕಸಿನ ಪೆಟ್ಟಿಗೆಗೆ ಕೈ ಹಾಕುವುದೆಂದರೇನು! ಚಲುವಮ್ಮ ಮಡಿಯ ಹೆಂಗಸು. ಕೆಲಸದ ಗುಂಡನಿಗೆ ಹೇಳಿದರೆ ಅವನೂ, "ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ ಅಮ್ಮಾ" ಎಂದು ತೋಟಕ್ಕೆ ನಡೆದಿದ್ದ.

ಚಲುವಮ್ಮನ ಗಂಡ ಪದ್ಮಯ್ಯನವರು ಇದ್ದಾಗ ಈ ಕಷ್ಟವಿರಲಿಲ್ಲ. ಮಳೆಗಾಲದಲ್ಲಿ, ಜಿಗಣೆಗಳ ನಡುವೆ, ಮಂಡಿನೋವಿನ ಹೆಂಡತಿ ಹಿತ್ತಿಲ ಕಡೆಗೆ ನಡೆಯಬಾರದೆಂದು ಆ ಕಕ್ಕಸನ್ನು ಕಟ್ಟಿಸಿದವರು ಅವರೇ. ಪೆಟ್ಟಿಗೆ ಸದ್ದು ಮಾಡಿದರೆ ಸ್ಟೂಲು ಹತ್ತಿ ಏನೋ ಮಾಡಿ ಇಳಿಯುತ್ತಿದ್ದರು. ಚಲುವಮ್ಮ ಬಾಗಿಲಲ್ಲೇ ತಡೆದು, "ತಲೆಗೆ ನೀರು ಹಾಕಿಕೊಂಡು ಒಳಗೆ ಬನ್ನಿ" ಎನ್ನುತ್ತಿದ್ದಳು. ಅವರು ನಗುತ್ತ ತಣ್ಣೀರು ಸುರಿದುಕೊಳ್ಳುತ್ತಿದ್ದರು. ಕಳೆದ ವರ್ಷ ಕಕ್ಕಡದ, ಎಂದರೆ ಆಷಾಢದ, ಮಳೆಯಲ್ಲಿ ಪದ್ಮಯ್ಯನವರು ತೀರಿಕೊಂಡರು. ದೇವರ ಇಚ್ಛೆ. ಅಲ್ಲಿಂದೀಚೆಗೆ ಆ ಸ್ಟೂಲನ್ನು ಹತ್ತಿದವರಿಲ್ಲ.

ಈಗ ಮನೆಗೆ ಮಗಳು ಮುದ್ದಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಣ್ಣು ಮಗು ಹುಟ್ಟಿತ್ತು. ಬರಿದಾಗಿದ್ದ ಮನೆಯಲ್ಲಿ ಮತ್ತೆ ತೊಟ್ಟಿಲು ತೂಗಿತು. ಆದರೆ ಬಾಣಂತಿಗೆ ಹಂಡೆ ಹಂಡೆ ಬಿಸಿನೀರು ಬೇಕು, ಮಗುವಿನ ಬಟ್ಟೆಗೆ ನೀರು ಬೇಕು. ಚಲುವಮ್ಮ ಗದ್ದೆಯ ಬಾವಿಯಿಂದ ಕೊಡ ಹೊತ್ತು, ಮಂಡಿ ಹಿಡಿದುಕೊಂಡು ಏರು ಹತ್ತುತ್ತಿದ್ದಳು.

ಹಾಗೆ ಹತ್ತುತ್ತಿರುವಾಗಲೇ, ಮೊಮ್ಮಗಳನ್ನು ನೋಡಲು ಬಂದ ಬೀಗಿತ್ತಿ ರಂಗಮ್ಮನ ಕಣ್ಣಿಗೆ ಬಿದ್ದಳು. ರಂಗಮ್ಮನವರದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆನಿಂತ ಮನೆತನ. ಮಾತು ಸ್ವಲ್ಪ ಖಾರ.

"ಏನ್ ಬೀಗ್ತಿಯವರೇ, ಕಕ್ಕಸಿಗೆ ಹಗಲೂ ರಾತ್ರಿ ಸ್ನಾನ, ನನ್ನ ಸೊಸೆಗೆ ಮಾತ್ರ ಇಲ್ಲವಾ?"

"ಹಾಗನ್ನಬೇಡಿ. ಒಂದು ದಿನವೂ ತಪ್ಪಿಸಿಲ್ಲ ನಾನು."

"ತಪ್ಪಿಸಿಲ್ಲ, ಸರಿ. ನೀವು ಬಿದ್ದು ಸೊಂಟ ಮುರಕೊಂಡರೆ ಇಬ್ಬರು ಬಾಣಂತಿಯರ ಹಾಗಾಯ್ತು ಅಷ್ಟೆ. ನಮ್ಮ ಮನೆ ಹಾರಂಗಿ ಹೊಳೆ ದಂಡೆಯಲ್ಲೇ ಇದೆ. ಶುಕ್ರವಾರ ಬರ್ತೀನಿ, ತಾಯಿ ಮಗೂನ ಕರ್ಕೊಂಡು ಹೋಗ್ತೀನಿ."

ಬೀಗಿತ್ತಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಚಲುವಮ್ಮ ಒಳಗೆ ಬಂದು ತೊಟ್ಟಿಲ ಹಗ್ಗ ಹಿಡಿದು ಕುಳಿತಳು. ತವರಿನ ಬಾಣಂತನವನ್ನೂ ಮಗಳಿಗೆ ಪೂರ್ತಿ ಮಾಡಲಾರದೆ ಹೋದೆನಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಆಸ್ಪತ್ರೆಯ ನರ್ಸಮ್ಮ ಕಾಮಾಕ್ಷಮ್ಮ ಮಗುವನ್ನು ನೋಡಲು ಬಂದಳು. ಹೊಕ್ಕುಳು ನೋಡಿ, ಕೈ ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ಚಲುವಕ್ಕಾ, ಇಲ್ಲಿ ನಲ್ಲೀಲಿ ನೀರಿಲ್ಲ. ಪಕ್ಕದಲ್ಲಿ ಜೋಗದ ಹಾಗೆ ಬೀಳ್ತಾ ಇದೆಯಲ್ಲ!"

"ಅದು ಕಕ್ಕಸಿಂದು ನರ್ಸಮ್ಮ. ವಿರಾಜಪೇಟೆಯಿಂದ ತೋಟಿ ಬಂದಾಗ ತೋರಿಸೋಣ ಅಂತ..."

"ಅವನು ಯಾವಾಗ ಬರ್ತಾನೆ?"

"ಯಾರಿಗೆ ಗೊತ್ತು?"

"ಆ ಸ್ಟೂಲು ತನ್ನಿ. ನಮ್ಮ ಆಸ್ಪತ್ರೆಯಲ್ಲೂ ಇಂಥದೇ ಪೆಟ್ಟಿಗೆ ಇದೆ."

"ಅಯ್ಯೋ, ನೀವು ಮಗು ಮುಟ್ಟೋ ಕೈ! ಅದಕ್ಕೆ ಹಾಕಬೇಡಿ."

ಕಾಮಾಕ್ಷಮ್ಮ ನಕ್ಕಳು. "ಅಕ್ಕ, ನಿಮ್ಮ ಅಡಿಗೆಮನೆಗೆ ಬರೋದು ಯಾವ ನೀರು?"

"ಒರತೇದು."

"ಈ ಪೆಟ್ಟಿಗೆಗೆ?"

ಚಲುವಮ್ಮ ಸ್ವಲ್ಪ ತಡೆದು, "ಅದೂ ಒರತೇದೇ" ಎಂದಳು.

"ಕೆಳಗೆ ಪಿಂಗಾಣಿ ಬೇಸಿನ್ನಿಗೆ ಇಳಿದ ಮೇಲೆ ಗಲೀಜು. ಮೇಲೆ ಪೆಟ್ಟಿಗೇಲಿ ಇರೋವಾಗ ಅದು ನಿಮ್ಮ ತೊಟ್ಟಿಯ ನೀರೇ. ಆಮೇಲೆ ಸೋಪು ಹಚ್ಚಿ ಕೈ ತೊಳೆದರಾಯ್ತು."

ಅವಳು ಮೊದಲು ಪೆಟ್ಟಿಗೆಯ ಪಕ್ಕದ ಪೈಪಿನಲ್ಲಿದ್ದ ಪುಟ್ಟ ತಿರುಪನ್ನು ತಿರುಗಿಸಿದಳು. ಸದ್ದು ನಿಂತಿತು. ಮನೆಯೆಲ್ಲ ಒಮ್ಮೆಲೇ ಎಷ್ಟು ಮೌನವಾಯಿತೆಂದರೆ, ಒಳಗಿನಿಂದ ಮುದ್ದಿ, "ಅವ್ವಾ, ಏನಾಯ್ತು?" ಎಂದಳು.

"ಇದನ್ನು ಮುಚ್ಚಿದರೆ ನೀರು ನಿಲ್ಲುತ್ತೆ. ಸರಿಮಾಡುವ ತನಕ ಹೀಗೇ ಇಟ್ಟು ಬಕೇಟಿನಲ್ಲಿ ಹಾಕಿಕೊಳ್ಳಬಹುದು" ಎಂದು ಕಾಮಾಕ್ಷಮ್ಮ ಮುಚ್ಚಳ ತೆಗೆದಳು. ಒಳಗೆ ಒಂದು ಹಿತ್ತಾಳೆ ಕಡ್ಡಿ, ಅದರ ತುದಿಗೆ ತಾಮ್ರದ ಚೆಂಡು. "ಪೆಟ್ಟಿಗೆ ತುಂಬಿದ ಹಾಗೆ ಈ ಚೆಂಡು ತೇಲಿ ಮೇಲೆ ಬರಬೇಕು. ಮೇಲೆ ಬಂದರೆ ಕಡ್ಡಿ ನೀರಿನ ಬಾಯಿ ಮುಚ್ಚುತ್ತೆ. ಕೆಲವು ಸಲ ಕಡ್ಡಿ ಸೊಟ್ಟಗಾಗಿರುತ್ತೆ." ಕಡ್ಡಿಯನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಿ ನೀರು ಬಿಟ್ಟಳು. ಪೆಟ್ಟಿಗೆ ತುಂಬಿತು, ಮತ್ತೆ ಸೊರ್ ಎಂದಿತು.

"ನೋಡಿದ್ರಾ, ನನ್ನ ವೈದ್ಯ ನಾಟಲಿಲ್ಲ" ಎಂದು ಅವಳೇ ನಕ್ಕು, ಮತ್ತೆ ನೀರು ಮುಚ್ಚಿ ಚೆಂಡನ್ನು ತಿರುಪಿ ಬಿಚ್ಚಿದಳು. ಕಿವಿಯ ಹತ್ತಿರ ಅಲುಗಾಡಿಸಿದರೆ ಒಳಗೆ ನೀರು ಕುಲುಕಿತು. "ಸಿಕ್ಕಿತು ರೋಗ. ಚೆಂಡು ತೂತಾಗಿ ನೀರು ಕುಡಿದಿದೆ. ಮುಳುಗಿದ ಚೆಂಡು ಬಾಗಿಲು ಮುಚ್ಚೋದು ಹೇಗೆ? ಹಿಡ್ಕೊಳ್ಳಿ ಅಕ್ಕ."

ಚಲುವಮ್ಮನ ಕೈ ಸೆರಗಿನೊಳಗೇ ಉಳಿಯಿತು. ಕಾಮಾಕ್ಷಮ್ಮ ಒತ್ತಾಯ ಮಾಡಲಿಲ್ಲ. ಚೆಂಡನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. "ಇಲ್ಲಿ ಏನೋ ಹಳದಿ ಅಂಟಿದೆಯಲ್ಲ. ಯಾರೋ ಮೊದಲೇ ತೂತು ಮುಚ್ಚಿದ್ದಾರೆ. ಅರ್ಧ ಕಿತ್ತುಹೋಗಿದೆ."

ಚಲುವಮ್ಮ ಬಾಗಿ ನೋಡಿದಳು. ತಾಮ್ರದ ಮೇಲೆ ಒಂದು ಚೂರು ಮೇಣ. ಮೇಣದ ಮೇಲೆ ಹೆಬ್ಬೆರಳು ಒತ್ತಿದ ಗುರುತು.

ಎರಡೂ ಕೈ ಚಾಚಿ ಅವಳು ಚೆಂಡನ್ನು ತೆಗೆದುಕೊಂಡಳು. ಮೂಗಿನ ಬಳಿ ಹಿಡಿದಳು. ಜೇನುಮೇಣ. ಅವರದೇ ತೋಟದ ಜೇನುಪೆಟ್ಟಿಗೆಯದು. ಪದ್ಮಯ್ಯನವರು ಕೊಡೆಯ ತೂತಿಗೂ ಬುಟ್ಟಿಯ ಬಿರುಕಿಗೂ ಅದನ್ನೇ ಒತ್ತುತ್ತಿದ್ದರು. ಹೊಸಿಲಿನ ಮೇಲೆ ಕುಳಿತು ಚೆಂಡನ್ನು ಮಡಿಲಲ್ಲಿಟ್ಟುಕೊಂಡಳು.

"ಈ ಕೈಯನ್ನು ನಾನು ಬಾಗಿಲಲ್ಲಿ ನಿಲ್ಲಿಸುತ್ತಿದ್ದೆ ನರ್ಸಮ್ಮ" ಎಂದಳು.

ಕಾಮಾಕ್ಷಮ್ಮ ಪಕ್ಕದಲ್ಲಿ ಕುಳಿತಳು. ಒಳಗೆ ಮಗು ಅತ್ತಿತು. ಚಲುವಮ್ಮ ಮೂಗು ಒರೆಸಿಕೊಂಡು ಎದ್ದಳು. "ಈಗ ಏನು ಮಾಡಬೇಕು ಹೇಳಿ. ನಾನೇ ಮಾಡ್ತೀನಿ."

ಚೆಂಡಿನ ತೂತನ್ನು ಕೆಳಮುಖ ಮಾಡಿ ಬಿಸಿಲಿಗಿಟ್ಟು, ನೀರೆಲ್ಲ ಇಳಿಯುವ ತನಕ ಆಗಾಗ ಅಲುಗಾಡಿಸಿದಳು. ಒಣಬಟ್ಟೆಯಲ್ಲಿ ಒರೆಸಿ, ಮನೆಯಲ್ಲಿದ್ದ ಜೇನುಮೇಣವನ್ನು ಅಂಗೈಯಲ್ಲಿ ನಾದಿ ಬಿಸಿಮಾಡಿ ತೂತಿನ ಮೇಲೆ ಒತ್ತಿದಳು. ಹಳೆಯ ಮೇಣವನ್ನು ಕೀಳಲಿಲ್ಲ. ಅದಕ್ಕೆ ಸೇರಿಸಿಯೇ ಹೊಸದನ್ನು ಹಚ್ಚಿದಳು. ಕಾಮಾಕ್ಷಮ್ಮ ಸ್ಟೂಲು ಹಿಡಿದುಕೊಂಡಳು, ಚಲುವಮ್ಮ ಹತ್ತಿದಳು. ಚೆಂಡು ತಿರುಪಿ ಕೂರಿಸಿ ನೀರು ಬಿಟ್ಟರೆ, ಅದು ತೇಲುತ್ತ ತೇಲುತ್ತ ಮೇಲೆ ಬಂದು, ನೀರಿನ ಬಾಯಿ ಮುಚ್ಚಿಕೊಂಡಿತು.

"ಮೇಣ ಸ್ವಲ್ಪ ದಿನಕ್ಕೆ ಮಾತ್ರ ಅಕ್ಕ. ಕಲಾಯಿಯವನು ಬಂದಾಗ ಬೆಸುಗೆ ಹಾಕಿಸಿ" ಎಂದಳು ಕಾಮಾಕ್ಷಮ್ಮ. "ಇನ್ನೂ ಒಳಗೊಳಗೇ ಸೋರ್ತಿದೆಯಾ ನೋಡೋಣ. ಒಂದು ಚಿಟಿಕೆ ಅರಿಶಿನ ಕೊಡಿ."

"ಶಿವಶಿವಾ! ಕಕ್ಕಸಿಗೆ ಅರಿಶಿನವೇ?"

"ಆಯ್ತಮ್ಮ, ಬಟ್ಟೆಗೆ ಹಾಕೋ ನೀಲಿ ಕೊಡಿ!"

ಪೆಟ್ಟಿಗೆಗೆ ನೀಲಿ ಹಾಕಿ, ಸರಪಳಿ ಎಳೆಯದೆ, ಮಗುವಿನ ಸ್ನಾನ ಮುಗಿಸಿ ಬಂದು ನೋಡಿದರು. ಪಿಂಗಾಣಿಯಲ್ಲಿ ನೀಲಿಯ ಸುಳಿವಿರಲಿಲ್ಲ, ಸೋರಿಕೆ ನಿಂತಿತ್ತು.

ಶುಕ್ರವಾರ ರಂಗಮ್ಮ ಬಂದಾಗ ಬಚ್ಚಲಲ್ಲಿ ಹಂಡೆ ಕುದಿಯುತ್ತಿತ್ತು. ತೊಟ್ಟಿ ಕಂಠಮಟ್ಟ ತುಂಬಿತ್ತು. ನಂಬಿಕೆ ಬರದೆ ಅವಳು ತೊಟ್ಟಿಗೆ ಕೈ ಇಳಿಸಿ ನೋಡಿದಳು.

"ಒಂದು ರಾತ್ರಿಯ ನೀರಾ ಇದು? ಯಾರು ಸರಿಮಾಡಿದ್ದು?"

"ನಾನೇ" ಎಂದಳು ಚಲುವಮ್ಮ.

"ನೀವಾ? ಮಡಿ ಚಲುವಮ್ಮ ಕಕ್ಕಸಿನ ಪೆಟ್ಟಿಗೆಗೆ ಕೈ ಹಾಕಿದರಾ? ಆ ಕೈಲೇ ನನ್ನ ಮೊಮ್ಮಗಳನ್ನ ಎತ್ತಿದಿರಾ?"

"ಸೋಪು ಹಚ್ಚಿ ತೊಳೆದೇ ಎತ್ತಿದೆ. ನಿಮ್ಮ ಮನೇಲೂ ಇಂಥದು ಕಟ್ಟಿಸಿದಾಗ ಕರೀರಿ, ಬಂದು ಕಲಿಸಿಕೊಡ್ತೀನಿ."

ರಂಗಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಆಮೇಲೆ, "ಎಲ್ಲಿ ಆ ಸ್ಟೂಲು? ನಾನೂ ನೋಡ್ತೀನಿ" ಎಂದಳು. ನೋಡಿ ಇಳಿದು, ಕೈ ತೊಳೆದು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹದವಾದ ಬಿಸಿನೀರು ಹಾಕಿದಳು. ಬಸ್ಸಿನ ಹೊತ್ತಾದಾಗ ತನ್ನ ಚೀಲ ಒಂದನ್ನೇ ಹಿಡಿದುಕೊಂಡಳು.

"ಮುದ್ದೀ, ಬಾಣಂತನ ಪೂರ್ತಿ ಆಗೋವರೆಗೂ ನಿಮ್ಮವ್ವನ ಹತ್ತಿರ ಇರು. ಆಮೇಲೆ ಕರೆಯೋಕೆ ಬರ್ತೀನಿ."

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯ ಪೆಟ್ಟಿಗೆಯೂ ಸುಮ್ಮಸುಮ್ಮನೆ ಹರಿಯುತ್ತಿದ್ದರೆ ಇವತ್ತೇ ಎದ್ದು ನೋಡಿ. ಪೈಪಿನ ತಿರುಪು ಮುಚ್ಚಿ, ಆಮೇಲೆ ಮುಚ್ಚಳ ತೆಗೆಯಿರಿ. ಕಡ್ಡಿ ಸೊಟ್ಟಗಿದೆಯೇ, ಚೆಂಡು ನೀರು ಕುಡಿದಿದೆಯೇ ನೋಡಿ. ಎರಡೂ ಸರಿಯಿದ್ದರೆ ನೀರಿನ ಬಾಯಿಯ ರಬ್ಬರು ಸವೆದಿರಬಹುದು, ಹೊಸದು ಹಾಕಿಸಿ. ಸದ್ದಿಲ್ಲದ ಸೋರಿಕೆಯನ್ನು ಒಂದು ಚಿಟಿಕೆ ನೀಲಿ ತೋರಿಸಿಕೊಡುತ್ತದೆ. ಇನ್ನೊಬ್ಬರು ಬಂದು ಮುಟ್ಟಲಿ ಎಂದು ಕಾಯಬೇಡಿ. ತುಲಾ ಸಂಕ್ರಮಣಕ್ಕೆ ತಂದ ಕಾವೇರಿ ತೀರ್ಥವನ್ನು ಒಂದು ಹನಿಯೂ ಚೆಲ್ಲದಂತೆ ವರ್ಷವಿಡೀ ಕಾಪಾಡುವ ಜನ ನಾವು. ಮನೆಯ ಪೈಪಿನಲ್ಲಿ ಬರುವವಳೂ ಆ ತಾಯಿಯೇ. ಅವಳನ್ನು ರಾತ್ರಿಯೆಲ್ಲ ಕಕ್ಕಸಿನ ಗುಂಡಿಗೆ ಹರಿಯಬಿಡಬೇಡಿ.