ಮೀಸೆ ಮೀನಿನ ಖಾಲಿ ಹೊಟ್ಟೆ

ಹಿತ್ತಲ ಕಲ್ಲಿನ ಮೇಲೆ ಕೂತು ನಾನು ಸುಮ್ಮನೆ ಬಾಟಲಿ ತೊಳೆಯುತ್ತಿದ್ದೆ. ಎಲ್ಲವೂ ಅವ್ವನ ಉಪ್ಪಿನಕಾಯಿ ಬಾಟಲಿಗಳೇ. ಮೀನು ತುಂಬಿಟ್ಟ ಮೇಲೆ ಇನ್ನು ಅವು ಅಡುಗೆಮನೆಯ ಮುಖ ನೋಡುವಂತಿಲ್ಲ. ಪಕ್ಕದಲ್ಲಿ ಅಣ್ಣನ ಹೆಂಡತಿ ನಮ್ರತಾ ವೈನಿ ಬ್ಲೇಡಿನಿಂದ ಬೆರಳುದ್ದದ ಮೀನು ಸೀಳುತ್ತಿದ್ದಳು. ನಾಗಪುರದ ಈ ಫ್ಯಾಕ್ಟರಿ ಕ್ವಾರ್ಟರ್ಸಿನ ಹಿಂದಿನ ಹಳ್ಳದಲ್ಲಿ ಎರಡು ಜಾತಿಯ ಮೀನು ಒಂದೇ ಕೆಂಪು ಹುಳವನ್ನು ಹೇಗೆ ಹಂಚಿಕೊಂಡು ತಿನ್ನುತ್ತವೆ ಎಂಬುದು ಅವಳ ಎಂ.ಎಸ್ಸಿ. ವಿಷಯ.

ಕಿಟಕಿಯಿಂದ ಅವ್ವ ಕೂಗಿದಳು. “ಲಿಂಗಾ ಕಟ್ಟಿದ ಮನ್ಯಾಗ ಮೀನಿನ ಹೊಟ್ಟಿ ಕೊಯ್ಯೂದು ನೋಡೂ ಹಣೇಬರಾ ನಂದು!”

“ತಿನ್ನಾಕಲ್ರಿ ಅತ್ತಿ, ಅವು ಏನ್ ತಿಂದಾವಂತ ನೋಡಾಕ.”

“ಮೊದ್ಲ ನೀ ಏನ್ ತಿಂದೀ ನೋಡ್ಕೋ. ರೊಟ್ಟಿ ಹಂಗ ಕುಂತಾವ.”

ವೈನಿ ನಕ್ಕು ನನ್ನತ್ತ ತಿರುಗಿದಳು. “ಧನೂ, ಇವತ್ತೂ ಪಟ್ಟೆ ಮೀನಿನ ಹೊಟ್ಟಿ ಫುಲ್, ಮೀಸೆ ಮೀನಿಂದು ಖಾಲಿ. ಬರೋಬರ್ ಹದಿನೈದು ದಿನಾ ಇದ ಕತಿ. ಪಾಪ, ಇದರ ಪಾಲೂ ಅದ ತಿಂತೈತಿ. ಹಂಗ ಬರದೇನಿ. ನಾಳೆ ನಿಮ್ಮಣ್ಣ ಗಾಂಧಿಬಾಗ್ ಪ್ಯಾಟಿಗೆ ಟೈಪ್ ಮಾಡಸಾಕ ಒಯ್ತಾರ.”

ನನ್ನ ಕೈ ನಿಂತಿತು. ಅಪ್ಪನ ಪೂಜೆಗೆ ಪತ್ರಿ ತರಲು ದಿನವೂ ಸಂಜೆ ಹಳ್ಳಕ್ಕೆ ಹೋಗುವವಳು ನಾನು. ಹೊತ್ತು ಇಳಿದಂತೆ ಪಟ್ಟೆ ಮೀನುಗಳು ದಂಡೆಯ ಹುಲ್ಲಿಗೆ ಸೇರಿಕೊಳ್ಳುತ್ತವೆ. ಆಗ ಕಲ್ಲಿನ ಬುಡದಿಂದ ಮೀಸೆಯವು ಒಂದೊಂದಾಗಿ ಹೊರಬಂದು ಮರಳು ಕೆದಕಿ ಅದೇ ಹುಳ ತಿನ್ನುತ್ತವೆ. ವೈನಿ ಅದನ್ನು ಕಂಡಿಲ್ಲ. ಹತ್ತರವರೆಗೆ ರೊಟ್ಟಿ ಬಡಿದು ಹನ್ನೊಂದಕ್ಕೆ ಬಲೆ ಹಾಕುತ್ತಾಳೆ. ಸಂಜೆ ಹೋಗುವಂತಿಲ್ಲ. ನಮ್ಮಲ್ಲಿ ದೀಪ ಹಚ್ಚುವುದು ಸೊಸೆಯೇ.

ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಇವಳಿಗೆ ಏನು ಹೇಳಲಿ? ತೊಳೆದ ಬಾಟಲಿಯನ್ನೇ ಮತ್ತೆ ತೊಳೆದೆ.

“ವೈನಿ, ಅವು ಉಪಾಸ ಇಲ್ರಿ. ಸಂಜೀಮುಂದ ಉಣ್ತಾವ.”

“ನೀ ನೋಡೀ ಏನ?”

“ದಿನಾ.”

ವೈನಿ ಬ್ಲೇಡು ಕೆಳಗಿಟ್ಟಳು. ಬರೆದ ಹಾಳೆಗಳನ್ನು ನೋಡಿದಳು, ಇಳಿಯುತ್ತಿದ್ದ ಬಿಸಿಲು ನೋಡಿದಳು, ಕಿಟಕಿ ನೋಡಿದಳು. ಸಂಜೆ ಹಳ್ಳಕ್ಕೆ ಹೋಗಲೇ ಎಂದು ಅವ್ವನನ್ನು ಕೇಳುವ ಧೈರ್ಯ ಅವಳಿಗೂ ಇರಲಿಲ್ಲ.

ನಾನೇ ಎದ್ದು ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದೆ. ಅವ್ವ ಬತ್ತಿ ಹೊಸೆಯುತ್ತಿದ್ದಳು.

“ಅವ್ವಾ, ಇವತ್ತೊಂದಿನಾ ದೀಪಾ ನೀ ಹಚ್ಚು. ವೈನೀನ ಹಳ್ಳಕ್ಕ ಕರಕೊಂಡ್ ಹೋಗ್ತೀನಿ.”

ಅವ್ವ ಹೊಸೆದ ಬತ್ತಿಯನ್ನು ತಾನೇ ದೀಪದಲ್ಲಿಟ್ಟು, “ಪತ್ರಿ ತರೂದು ಮರೀಬ್ಯಾಡ್ರಿ” ಎಂದಳು.