ಪುತ್ತೂರಿಗೆ ಒಬ್ಬರು

ಸೂರತ್ತಿನಿಂದ ಬಂದ ಸೀರೆಯ ಬೇಲುಗಳು ಸುಳ್ಯದ ಬಟ್ಟೆಯಂಗಡಿಯ ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದವು. ದೀಪಾವಳಿಯ ವ್ಯಾಪಾರ ಶುರುವಾಗುವ ಮೊದಲು ಅರ್ಧ ಬೇಲುಗಳನ್ನು ಪುತ್ತೂರಿನ ಹೊಸ ಅಂಗಡಿಗೆ ಕಳಿಸಬೇಕು, ಉಳಿದವನ್ನು ಬಿಚ್ಚಿ ಅಟ್ಟಕ್ಕೆ ಹತ್ತಿಸಬೇಕು, ಚೌತಿಗೆ ತಂದು ಉಳಿದ ಸೀರೆಗಳನ್ನು ಕೆಳಗಿಳಿಸಬೇಕು. ಸೀರೆ ವಿಭಾಗದ ಸೇವಂತಿ ಅಟ್ಟದ ಬಾಯಿಗೆ ಬೆನ್ನು ಮಾಡಿ ನಿಂತು, ಮಾಸಿದ ಮಡಿಕೆಗಳನ್ನು ಬಿಡಿಸಿ ಹೊಸದಾಗಿ ಮಡಚುತ್ತಿದ್ದಳು. ಒಂದು ರಾಶಿ ಮುಗಿಯಿತು. ತಿರುಗಿ ನೋಡದೆ ಬಲಗೈ ಹಿಂದಕ್ಕೆ ಚಾಚಿದಳು.

ಏನೂ ಬಂದು ಬೀಳಲಿಲ್ಲ.

"ಟೇಪಾ ಅಕ್ಕಾ?" ಎಂದು ಅಟ್ಟದಿಂದ ಸಾಬಿತ್ ಕೇಳಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಅಳತೆಯ ಟೇಪು ಅಂಗೈಯೊಳಗೆ ಇಳಿದಿತ್ತು.

ಬೊಂಬೆಗಳಿಗೆ ಸೀರೆ ಉಡಿಸುತ್ತಿದ್ದವರು ನಕ್ಕರು.

"ಟೇಪು ಎಂತಕ್ಕೆ ಮಾರಾಯ? ಕಾಟನ್ ಕಟ್ಟು. ಎಡಗಡೆಯದ್ದು."

"ಹಾಗೆ ಬಾಯಲ್ಲಿ ಹೇಳಿ ಅಕ್ಕ. ಕೈ ತೋರಿಸಿದ್ರೆ ನನಗೆ ಎಂತ ಗೊತ್ತಾಗುದು? ನಾನೇನು ಹಸ್ತಸಾಮುದ್ರಿಕದವನಾ?"

ಅವಳೂ ನಕ್ಕಳು. ಆದರೆ ಕೈ ಎಳೆದುಕೊಳ್ಳುವಾಗ, ತುಂಬಿದ ಬಸ್ಸಿನಲ್ಲಿ ಗೊತ್ತಿಲ್ಲದವರ ಭುಜ ಹಿಡಿದವಳಂತೆ ನಾಚಿದಳು.

ಸಾಬಿತ್‌ಗಿಂತ ಮೊದಲು ಅಟ್ಟದಲ್ಲಿದ್ದ ಡೊಂಬಯ್ಯನಿಗೆ ಗೊತ್ತಾಗುತ್ತಿತ್ತು. ಗಿರಾಕಿಯ ಮಾತು ಅಟ್ಟದವರೆಗೆ ಕೇಳುತ್ತಿತ್ತೋ, ಇವಳ ಭುಜ ನೋಡಿಯೇ ತಿಳಿಯುತ್ತಿದ್ದನೋ. ಅಂಗೈ ಅಗಲವಾಗಿದ್ದರೆ ರೇಷ್ಮೆ, ಬೆರಳು ಮಡಚಿದ್ದರೆ ದಿನಬಳಕೆಯದ್ದು. ಕಟ್ಟು ಗಾಳಿಯಲ್ಲಿ ಬಂದು ಅವಳ ಕೈ ಸೇರುತ್ತಿತ್ತು. ವರ್ಷಗಟ್ಟಲೆ ಹಾಗೆ ನಡೆದಿತ್ತು, ಒಂದು ದಿನವೂ ನೆಲಕ್ಕೆ ಬಿದ್ದದ್ದಿಲ್ಲ. ಅವನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಇವಳಿಗೆ ಬಂದ ಸಂಬಂಧಗಳೆಲ್ಲ ಒಂದೊಂದು ನೆಪಕ್ಕೆ ನಿಂತುಹೋಗಿದ್ದವು. ಅಂಗಡಿಯವರೆಲ್ಲ ಅವನನ್ನು ಡೊಂಬಯ್ಯಣ್ಣ ಎನ್ನುತ್ತಿದ್ದರು. ಸೇವಂತಿ ಮಾತ್ರ ಅಣ್ಣ ಎನ್ನಲಿಲ್ಲ, ಹೆಸರು ಹಿಡಿದೂ ಕರೆಯಲಿಲ್ಲ. ಕೈ ಚಾಚಿದರೆ ಸಾಕಾಗುತ್ತಿದ್ದವಳಿಗೆ ಕರೆಯುವ ಅಗತ್ಯವೇ ಬಿದ್ದಿರಲಿಲ್ಲ.

ಚೌತಿ ಕಳೆದ ಮೇಲೆ ಧಣಿ ವಿಷ್ಣುಪ್ರಸಾದ್ ಅವನನ್ನು ಪುತ್ತೂರಿಗೆ ಕಳಿಸಿದರು. ಹೋಗುವ ದಿನ ಅವನು ಅಟ್ಟದಿಂದ ಇಳಿದು, ಅಂಗಿಯ ಧೂಳು ಕೊಡವಿ, ಅವಳ ಕೌಂಟರಿನೆದುರು ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದ. ಅವಳು ಮಡಚಿದ ಸೀರೆಯನ್ನೇ ಮತ್ತೆ ಮಡಚಿದ್ದಳು. ಅಷ್ಟೆ.

ಗಲ್ಲಾದಲ್ಲಿದ್ದ ಧಣಿ ಈಗ ಫೋನಿನ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದರು. "ಈ ಸಲ ಅಡಿಕೆಗೆ ರೇಟುಂಟು ಡೊಂಬಯ್ಯ, ಜನ ಮುಗಿಬೀಳ್ತಾರೆ. ನಿನಗೆ ಅಟ್ಟದ ಕೆಳಗೆ ಕೌಂಟರಿನಲ್ಲಿ ನಿಲ್ಲಲಿಕ್ಕೆ ಇಲ್ಲಿಂದ ಒಬ್ಬರನ್ನು ಕೊಡ್ತೇನೆ. ಯಾರು ಬೇಕು ಹೇಳು. ನೀನು ಹೇಳಿದವರನ್ನೇ ಕಳಿಸುದು."

ಸೇವಂತಿಯ ಕೈ ಸೆರಗಿನ ಮಡಿಕೆಯ ಮೇಲೆ ನಿಂತಿತು.

ಫೋನಿನಲ್ಲಿ ಪುತ್ತೂರಿನ ಪೇಟೆಯ ಸದ್ದು ಕೇಳಿಸಿತು, ಯಾವುದೋ ಬಸ್ಸಿನ ಹಾರನ್ನು. ಅವನು ಮಾತಾಡಲಿಲ್ಲ. ಅವನ ಮೌನಗಳೆಲ್ಲ ತನಗೆ ಗೊತ್ತು ಎಂದುಕೊಂಡಿದ್ದಳು ಸೇವಂತಿ. ಇದು ಯಾವುದೆಂದು ತಿಳಿಯಲಿಲ್ಲ. ಹೇಳು, ಎಂದು ಒಳಗೊಳಗೇ ಅಂದಳು. ಒಮ್ಮೆ ಹೇಳು.

"ಯಾರಾದ್ರೂ ಆಗ್ತದೆ ಧಣಿ" ಎಂದ ಡೊಂಬಯ್ಯ.

"ಹಾಗಾದ್ರೆ ಸಾಬಿತ್ ಬರ್ಲಿ. ಅವನ ಮನೆ ಕಬಕದಲ್ಲಿ, ಅವನಿಗೂ ಹತ್ತಿರ."

ಅಟ್ಟದ ಮೇಲೆ ಸಾಬಿತ್ ಚಪ್ಪಾಳೆ ತಟ್ಟಿದ. "ದೇವರು ದೊಡ್ಡವನು! ಇನ್ನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲೇ ಬಿಸಿ ಮೀನುಸಾರು!"

ನಾನು ಹೋಗ್ತೇನೆ ಧಣಿ. ಅಷ್ಟೇ ಮಾತು. ನಾಲಗೆಯ ಮೇಲೆಯೇ ಇತ್ತು. ಧಣಿ ತಲೆಯೆತ್ತಿ "ನಿನಗೆ ಎಂತಕ್ಕೆ?" ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲ, ಅಥವಾ ಒಂದೇ ಒಂದು ಇತ್ತು. ಅವಳು ನುಂಗಿಕೊಂಡಳು. ಫೋನು ಕಟ್ಟಾಯಿತು.

ಪಿಕಪ್ಪಿಗೆ ಬೇಲು ತುಂಬಿಸಿ ಹಗ್ಗ ಬಿಗಿದರು. ಸಾಬಿತ್ ಬೇಲುಗಳ ನಡುವೆ ಜಾಗ ಮಾಡಿಕೊಂಡು ಕುಳಿತ. ರಸೀದಿಯ ಕವರು ಕೊಡಲು ಸೇವಂತಿ ಮೆಟ್ಟಿಲಿಳಿದು ಹೋದಳು.

"ಅಕ್ಕ, ಡೊಂಬಯ್ಯಣ್ಣನಿಗೆ ಎಂತಾದ್ರೂ ಹೇಳ್ಲಿಕ್ಕುಂಟಾ?" ಸುಮ್ಮನೆ, ಬಾಯಿಮಾತಿಗೆ ಕೇಳಿದ್ದ.

"ಇಲ್ಲ" ಎಂದಳು. ಡ್ರೈವರು ಬಾಗಿಲು ಹಾಕಿದ. "ಉಂಟು" ಎಂದಳು.

"ಎಂತ?"

"ಯಾರಾದ್ರೂ ಆಗ್ತದೆ ಅಂತ ಹೇಳಿದ್ದು ಸರಿಯಾಗ್ಲಿಲ್ಲ ಅಂತ ಹೇಳು. ಧಣಿ ಕೇಳಿದಾಗ ಹೆಸರು ಹೇಳ್ಬೇಕಿತ್ತು. ಈಗಲೂ ಹೇಳಬಹುದು."

"ಯಾರ ಹೆಸರು?"

"ನನ್ನದು."

ಸಾಬಿತ್ ಅವಳನ್ನು ನೋಡಿದ. ಇವನ ಬಾಯಲ್ಲಿ ಇದು ನಿಲ್ಲುವುದಿಲ್ಲ, ಬೇಲು ಇಳಿಸುವ ಮೊದಲೇ ಪುತ್ತೂರಿನ ಅಂಗಡಿಗೆಲ್ಲ ತಿಳಿದು, ಅಲ್ಲಿಂದ ಇಲ್ಲಿಗೂ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಮೆಲ್ಲ, ಬದಿಗೆ ಕರೆದು ಹೇಳ್ಲಾ ಅಕ್ಕ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಹೇಗಾದ್ರೂ ಹೇಳು. ಮರೀಬೇಡ, ಅಷ್ಟೆ."

ಪಿಕಪ್ಪು ಹೊರಟಿತು. ಒಳಗಿನಿಂದ ಧಣಿ, "ಸೇವಂತಿ, ಈ ಕಾಟನ್ ಎಲ್ಲ ಎಲ್ಲಿ ಇಡುದು?" ಎಂದು ಕೂಗಿದರು. "ಬಂದೆ ಧಣಿ" ಎಂದಳು. ಹೋಗಲಿಲ್ಲ. ಬಿಸಿಲಿನ ರಸ್ತೆ ನೋಡುತ್ತಾ ನಿಂತಳು. ಪುತ್ತೂರಿನ ದಾರಿಯಲ್ಲಿ ಮೊದಲು ಜಾಲ್ಸೂರು ಬರುತ್ತದೆ, ಆಮೇಲೆ ಕಾವು, ಆಮೇಲೆ ಕುಂಬ್ರ.