ಅರ್ಧ ಕೊಡ

ನನ್ನ ಹೆಂಡತಿ ತುಂಗಮ್ಮ ನನಗಿಂತ ನಾಲ್ಕು ಬೆರಳು ಎತ್ತರ. ಮದುವೆಯ ದಿನ ಇಬ್ಬರೂ ಪಕ್ಕಪಕ್ಕ ನಿಂತಾಗಲೇ ಜನ ಮುಸಿಮುಸಿ ನಕ್ಕಿದ್ದರು. ಅಂಥವಳಿಗೆ ಒಂದು ಕೊಡ ನೀರನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಾನು ನಂಬಿದ್ದೆ. ಹನ್ನೊಂದು ವರ್ಷ ನಂಬಿದ್ದೆ.

ನಾನು ದರ್ಜಿ ಉಚ್ಚಂಗಪ್ಪ. ಶಿಕಾರಿಪುರದ ಪೇಟೆಯಲ್ಲಿ ಅಂಗಡಿ ಇಟ್ಟವನಲ್ಲ, ಮನೆಯ ಪಡಸಾಲೆಯೇ ನನ್ನ ಅಂಗಡಿ. ನೆಲಕ್ಕೆ ಒಂದು ಚಾಪೆ, ಚಾಪೆಯ ಮೇಲೆ ಕೈಮಷೀನು, ಅದರ ಮುಂದೆ ಬಗ್ಗಿ ಕೂತ ನಾನು. ನನ್ನ ಅಪ್ಪ ಹುಲಿಯಪ್ಪನೂ ಅದೇ ಜಾಗದಲ್ಲಿ ಕೂತು ಹೊಲಿದವನು. ಬೆಳಿಗ್ಗೆ ಕೂತರೆ ಊಟಕ್ಕೇ ಏಳುವುದು, ಅದೇ ಅವನ ಹೆಮ್ಮೆ. ಕೊನೆಯ ಆರು ವರ್ಷ ಅವನ ಸೊಂಟ ಕುಡುಗೋಲಿನ ಹಾಗೆ ಬಗ್ಗಿಹೋಗಿತ್ತು. ಎದುರಿಗಿದ್ದವರ ಮುಖ ನೋಡಬೇಕಾದರೆ ಕತ್ತು ಓರೆ ಮಾಡಬೇಕಿತ್ತು. ಅವನಿಗೆ ಸ್ನಾನ ಮಾಡಿಸಿ, ಉಣ್ಣಿಸಿ ನೋಡಿಕೊಂಡವಳು ತುಂಗಮ್ಮ. ಅವನು ಹೋದ ದಿನ ಅವಳು ಒಂದೇ ಮಾತು ಆಡಿದ್ದಳು. "ಕೂತಲ್ಲಿಂದ ಮಾವನ್ನ ಯಾರೂ ಎಬ್ಬಿಸ್ಲೇ ಇಲ್ಲ." ದುಃಖದಲ್ಲಿ ಏನೋ ಅನ್ನುತ್ತಾಳೆ ಅಂದುಕೊಂಡೆ.

ಅಲ್ಲಿಂದಾಚೆಗೆ ಶುರುವಾಯಿತು ನೋಡಿ ಅವಳ ಕರೆಯುವ ಚಾಳಿ. ಅದಕ್ಕೂ ಮೊದಲು ಮನೆಗೆ ನೀರು ಹೇಗೆ ಬರುತ್ತಿತ್ತು ಅಂತ ಮಷೀನಿನಿಂದ ತಲೆ ಎತ್ತಿ ನಾನೆಂದೂ ನೋಡಿದವನಲ್ಲ. ನಾನು ಒಂದು ಅಂಗಿಯ ತೋಳು ಕೂಡಿಸುವಷ್ಟರಲ್ಲಿ ಓಣಿಯ ತುದಿಯ ಬಾವಿಯಿಂದ ಕೂಗು. "ಏನ್ರೀ, ಕೊಡ ಹೊರಿಸಿ ಹೋಗ್ರಿ." ಹೋಗಿ ನೋಡಿದರೆ ಕೊಡದಲ್ಲಿ ಅರ್ಧ ನೀರು. ಅದನ್ನು ಎತ್ತಿ ಅವಳ ತಲೆಗೆ ಇಟ್ಟು ಬಂದು ಕೂತರೆ, ಇನ್ನೊಂದು ತೋಳಿನ ಹೊತ್ತಿಗೆ ಮತ್ತೆ ಅದೇ ಕೂಗು. ತುಂಬಿದ ಕೊಡವಾದರೆ ನಾಲ್ಕು ಸಲಕ್ಕೆ ಮುಗಿಯುವ ನೀರಿಗೆ ಎಂಟು ಸಲ. ಅದು ಮುಗಿದರೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ತೆಗೆದುಕೊಡಬೇಕು, ನನಗಿಂತ ಎತ್ತರದವಳಿಗೆ. ಒಮ್ಮೆ ಶಿರಾಳಕೊಪ್ಪದ ಸಂತೆಯಿಂದ ಮರದ ಪೆಟ್ಟಿಗೆಯೊಂದನ್ನು ಹೊತ್ತು ತಂದು, "ಮಷೀನ್ ಇದ್ರ ಮೇಲೆ ಇಟ್ಕೊಳ್ರಿ, ಬಗ್ಗೋದು ಕಡಿಮಿ ಆಗ್ತೈತೆ" ಅಂದಳು. ಅಪ್ಪ ಕೂತ ಹಾಗೆಯೇ ಕೂರುತ್ತೇನೆ ಅಂದೆ. ಪೆಟ್ಟಿಗೆಗೆ ಚಿಂದಿ ತುಂಬಿ ಮೂಲೆಗೆ ತಳ್ಳಿದೆ.

ಪಕ್ಕದ ಮನೆಯ ಬಸಕ್ಕನಿಗೆ ಇದೊಂದು ತಮಾಷೆ. "ಗಂಡನ ಮುಖ ನೋಡ್ದೆ ಅರ್ಧ ಗಳಿಗಿ ಇರಂಗಿಲ್ಲಪ್ಪ ನಿನ್ ಹೆಂಡ್ತಿ" ಅನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಐವತ್ತೆಂಟನೇ ಇಸವಿಯ ಮದುವೆ ಹಂಗಾಮು. ಪಡಸಾಲೆಯಲ್ಲಿ ಮದುವೆ ಮನೆಯವರು ಬಟ್ಟೆಗಾಗಿ ಕಾದು ಕೂತಿದ್ದರು. ಬೆಳಗಿನಿಂದ ಮೂರನೆಯ ಸಲ ಕೂಗು ಬಂತು. ಎದ್ದು ಹೋದವನೇ ಬಾವಿಯ ಸುತ್ತ ನಿಂತ ಹೆಂಗಸರ ಎದುರಿಗೇ ಅಂದೆ, "ಅರ್ಧ ಕೊಡಕ್ಕೂ ಆಳು ಬೇಕು ಇಕಿಗೆ. ಎತ್ತಕ್ಕೆ ಬರದೋಳ್ನ ನನ್ ಕೊರಳಿಗೆ ಕಟ್ಯಾರ. ನಿನ್ ತಮ್ಮನ ಮನ್ಯಾಗಾದ್ರೂ ಕಲ್ತು ಬಾ, ಹೋಗು." ಯಾರೋ ಕಿಸಕ್ಕನೆ ನಕ್ಕರು. ತುಂಗಮ್ಮ ಕೊಡದ ನೀರನ್ನು ಚೆಲ್ಲಿ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಮನೆಗೆ ನಡೆದಳು.

ನಾಲ್ಕು ದಿನಕ್ಕೆ ಸೊರಬದ ಕಡೆಯಿಂದ ಅವಳ ತಮ್ಮ ಜಟ್ಟಪ್ಪ ಬಂದ. ಅವನ ಹೆಂಡತಿಗೆ ತಾಯಿಯಿಲ್ಲ, ಬಾಣಂತನಕ್ಕೆ ಅಕ್ಕ ಬೇಕು ಅಂದ. ಹೊರಟಳು. ಬಾಗಿಲು ದಾಟುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲ ವಾರ ನನಗೆ ಸಂಭ್ರಮವೋ ಸಂಭ್ರಮ. ಕರೆಯುವವರಿಲ್ಲ, ಎಬ್ಬಿಸುವವರಿಲ್ಲ. ಕೂತರೆ ಕೂತೇ ಇದ್ದೆ. ಎರಡನೆಯ ವಾರ ಕಿವಿ ಹದಗೆಟ್ಟಿತು. ಬಾವಿಯ ಕಡೆ ಯಾರು ಯಾರನ್ನು ಕೂಗಿದರೂ ನನ್ನ ಕೈ ಮಷೀನಿನ ಹಿಡಿಯನ್ನು ಬಿಟ್ಟುಬಿಡುತ್ತಿತ್ತು. ಮಂಡಿಯೂರಿ ಏಳುವಷ್ಟರಲ್ಲಿ, ಕೂಗಿದ್ದು ನಮ್ಮ ಓಣಿಯ ಮಹೇಶ್ವರಪ್ಪನ ಹೆಂಡತಿ ಅಂತ ತಿಳಿದು ಮತ್ತೆ ಕೂರುತ್ತಿದ್ದೆ. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ಮಾತು ಅಂದರೆ ಅವಳದೇ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವಳ ಆ ಕೂಗು ಬೇಕಾಗಿತ್ತು. ಊಟ ಬಸಕ್ಕ ಕೊಡುತ್ತಿದ್ದಳು, ಅದನ್ನು ಯಾರು ಕೊಡಬೇಕು?

ಮೂರು ತಿಂಗಳಾಯಿತು. ಬಾಣಂತನ ಮುಗಿದ ಸುದ್ದಿ ಬಂತು, ತುಂಗಮ್ಮ ಬರಲಿಲ್ಲ. ಒಂದು ಮಧ್ಯಾಹ್ನ ಪಕ್ಕಕ್ಕೆ ಜಾರಿದ ಕತ್ತರಿಗೆ ಕೈ ಚಾಚಿದವನಿಗೆ ಬೆನ್ನು ಹಾಗೆಯೇ ಹಿಡಿದುಕೊಂಡಿತು. ಸೊಂಟದಲ್ಲಿ ಬೆಂಕಿ ಇಟ್ಟಂತಾಯಿತು. ಗೋಡೆ ಹಿಡಿದು ಹೇಗೋ ಎದ್ದೆ, ನೆಟ್ಟಗೆ ನಿಲ್ಲಲಾಗಲಿಲ್ಲ. ಬಸಕ್ಕ ಬಾಗಿಲಲ್ಲಿ ಬಂದು ನಿಂತಳು. ಅವಳ ಮುಖ ನೋಡಲು ನಾನು ಕತ್ತು ಓರೆ ಮಾಡಿದೆ.

"ಥೇಟ್ ನಿಮ್ಮಪ್ಪ ನಿಂತಂಗೈತಲ್ಲೋ" ಅಂದಳು. ಆವತ್ತು ಅವಳು ತಮಾಷೆ ಮಾಡುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು.

ಹರಳೆಣ್ಣೆ, ಬಿಸಿ ಇಟ್ಟಿಗೆಯ ಶಾಖ ಅಂತ ಹತ್ತು ದಿನ ಕಳೆದ ಮೇಲೆ ನಡೆಯುವಷ್ಟಾದೆ. ನೂಲುಂಡೆ ತರಲು ಶಿರಾಳಕೊಪ್ಪಕ್ಕೆ ಹೋಗುತ್ತೇನೆ ಅಂತ ಬಸಕ್ಕನಿಗೆ ಹೇಳಿ ಹೊರಟೆ. ಶಿರಾಳಕೊಪ್ಪದಲ್ಲಿ ಇಳಿದು ಸೊರಬದ ಬಸ್ಸು ಹತ್ತಿದೆ. ಬಸ್ಸು ಕುಣಿದಾಗಲೆಲ್ಲ ಪ್ರಾಣ ಬಾಯಿಗೆ ಬರುತ್ತಿತ್ತು. ಸೊರಬದಿಂದ ಮುಂದೆ ಚಂದ್ರಗುತ್ತಿಗೆ ಹೋಗುವವರ ಗಾಡಿಯೊಂದು ಸಿಕ್ಕಿತು, ಅವರು ಜಟ್ಟಪ್ಪನ ಊರಿನ ಬಾಗಿಲಲ್ಲಿ ಇಳಿಸಿದರು.

ಊರ ಮುಂದೆಯೇ ಬಾವಿ. ಬಾವಿಯ ಹತ್ತಿರ ತುಂಗಮ್ಮ ಒಬ್ಬಳೇ. ನಾನು ರಸ್ತೆಯ ಬದಿಯಲ್ಲೇ ನಿಂತೆ. ಅವಳು ದೊಡ್ಡ ಕೊಡವನ್ನು ಕಂಠದವರೆಗೆ ತುಂಬಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾವಿಯ ಕಟ್ಟೆಗೆ ಒಂದು ಕಾಲು ಊರಿ, ಕೊಡವನ್ನು ತೊಡೆಗೆ ಎತ್ತಿ, ತೊಡೆಯಿಂದ ಒಂದೇ ಉಸಿರಿಗೆ ತಲೆಗೆ ಏರಿಸಿದಳು. ಆಮೇಲೆ ಇನ್ನೊಂದು ಕೊಡ ಸೊಂಟಕ್ಕೆ. ಅದೂ ತುಂಬಿದ್ದೇ. ಒಂದು ಹನಿ ತುಳುಕದಂತೆ ನಡೆದು ಹೋದಳು.

ನಾನು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತೆ. ಅರ್ಧ ಕೊಡ ಯಾಕೆ ಅಂತ ತಿಳಿಯಿತು. ನನಗೆ ಭಾರವಾಗಬಾರದು ಅಂತ. ಎಂಟು ಸಲ ಯಾಕೆ ಅಂತಲೂ ತಿಳಿಯಿತು. ಹನ್ನೊಂದು ವರ್ಷ, ದಿನಕ್ಕೆ ಎಂಟು ಸಲ, ಓಣಿಯವರ ನಗು ಸಹಿಸಿಕೊಂಡು ಅವಳು ನನ್ನನ್ನು ಅಪ್ಪನ ಜಾಗದಿಂದ ಎಬ್ಬಿಸಿದ್ದಳು. ನಾನು ಅತ್ತೆ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಮನೆಗೆ ಹೋದರೆ ಜಟ್ಟಪ್ಪ, "ಬನ್ರಿ ಭಾವ" ಅಂತ ಜಗಲಿಯಲ್ಲಿ ಕೂರಿಸಿ ತಾನು ಎತ್ತುಗಳಿಗೆ ಹುಲ್ಲು ಹಾಕಲು ಹೋದ. ತುಂಗಮ್ಮ ಕಾಲಿಗೆ ನೀರು ತಂದಳು. ಚೊಂಬು ತೆಗೆದುಕೊಳ್ಳಲು ನಾನು ಎದ್ದ ರೀತಿ ನೋಡಿ ಅವಳ ಮುಖ ಸಣ್ಣದಾಯಿತು.

"ಎಷ್ಟು ದಿನಾತು ಹಿಂಗಾಗಿ?" ಅಂತ ಕೇಳಿದಳು.

"ಹತ್ತು ದಿನ. ಬಾವಿ ಹತ್ರ ಎಲ್ಲಾ ನೋಡ್ದೆ ತುಂಗಾ. ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಏಳ್ತಿದ್ರಾ?"

ಏಳುತ್ತಿರಲಿಲ್ಲ.

"ನಡಿ, ಮನೀಗೆ ಹೋಗಾಣ" ಅಂದೆ. "ಕರೆಯೋರಿಲ್ದೆ ಕಿವಿ ಬತ್ತಿ ಹೋಗ್ಯಾವೆ."

ಅವಳು ಕಂಬಕ್ಕೆ ಒರಗಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಆವತ್ತು ಅಂದಿದ್ದು ನನ್ನೊಬ್ಬಳ ಹತ್ರ ಅಲ್ಲ, ಓಣಿ ಮುಂದೆ. ಅಲ್ಲೇ ಹೋಗಿ ಹೇಳ್ರಿ. ಆಮೇಲೆ ಬರ್ತೀನಿ."

ಒಬ್ಬನೇ ಹಿಂದಿರುಗಿದೆ. ಮರುದಿನ ಬೆಳಿಗ್ಗೆ, ಹೆಂಗಸರೆಲ್ಲ ನೀರಿಗೆ ಸೇರುವ ಹೊತ್ತು ನೋಡಿಕೊಂಡು ಬಾವಿಯ ಹತ್ತಿರ ಹೋಗಿ ನಿಂತೆ. "ತುಂಗಮ್ಮಗೆ ಎರಡು ತುಂಬಿದ ಕೊಡ ಒಬ್ಬಳೇ ಎತ್ತಕ್ಕೆ ಬರ್ತೈತಿ" ಅಂದೆ. "ಕೂತಲ್ಲಿಂದ ಏಳಕ್ಕೆ ಬರದೋನು ನಾನು. ಅದಕ್ಕೇ ಕರೀತಿದ್ಲು. ಆವತ್ತು ನಾನು ಆಡಿದ್ದು ತಪ್ಪು." ಈ ಸಲ ಯಾರೂ ನಗಲಿಲ್ಲ. ಬಸಕ್ಕ ಹಗ್ಗ ಬಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುಂದಿನ ಸಂತೆಗೆ ಶಿರಾಳಕೊಪ್ಪಕ್ಕೆ ಹೋದವಳು ಅಲ್ಲಿಗೆ ಬಂದಿದ್ದ ಜಟ್ಟಪ್ಪನನ್ನು ಹುಡುಕಿ ಎಲ್ಲವನ್ನೂ ಹೇಳಿ ಬಂದಳು.

ಪೆಟ್ಟಿಗೆಯ ಚಿಂದಿ ಖಾಲಿ ಮಾಡಿ ಮಷೀನನ್ನು ಅದರ ಮೇಲೆ ಇಟ್ಟೆ. ನಾನೂ ಒಂದು ಮಣೆ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತೆ. ಒಂದು ತೋಳು ಮುಗಿದರೆ ಏಳುವುದು, ಬಾವಿಯವರೆಗೆ ನಡೆಯುವುದು, ಬರಿಗೈಯಲ್ಲಿ ಹಿಂದಿರುಗುವುದು. ಸೊಂಟ ದಿನಕ್ಕಿಷ್ಟು ಸಡಿಲವಾಯಿತು. ಎದೆ ಮಾತ್ರ ಆಗಲಿಲ್ಲ. ಶಿರಾಳಕೊಪ್ಪದ ಕಡೆಯಿಂದ ಬಸ್ಸು ಬರುವ ಹೊತ್ತಿಗೆ ಮಷೀನು ನಿಲ್ಲಿಸಿ ಕೂರುತ್ತಿದ್ದೆ. ಹನ್ನೆರಡು ದಿನ ಹಾಗೇ ಹೋಯಿತು.

ಹದಿಮೂರನೆಯ ದಿನ ಕೆಲಸ ಜಾಸ್ತಿಯಿತ್ತು, ಬಸ್ಸಿನ ಹೊತ್ತು ಮೀರಿದ್ದು ಗೊತ್ತಾಗಲಿಲ್ಲ. ಯಾರದೋ ಜುಬ್ಬದ ಎರಡನೆಯ ತೋಳು ಕೂಡಿಸುತ್ತಿದ್ದೆ. ಓಣಿಯ ತುದಿಯಿಂದ ಕೂಗು ಬಂತು.

"ಏನ್ರೀ, ಕೊಡ ಹೊರಿಸಿ ಹೋಗ್ರಿ."

ಮಹೇಶ್ವರಪ್ಪನ ಹೆಂಡತಿಯ ದನಿಯಲ್ಲ. ತೋಳನ್ನು ಅರ್ಧಕ್ಕೆ ಬಿಟ್ಟು ಎದ್ದೆ.